ಥ್ರಿಲ್ಲರ್ ರೈಲಿಗೆ ಜನರಲ್ ಬೋಗಿ ಯಾಕಿಲ್ಲ?

ನಮ್ಮ ಸಿರುಗುಪ್ಪಕ್ಕೆ ರೈಲಿಲ್ಲ. ಭತ್ತ ಇದೆ, ಅಕ್ಕಿ ಗಿರಣಿಗಳಿವೆ, ಪಕ್ಕದಲ್ಲೇ ತುಂಗಭದ್ರೆ ಇದ್ದಾಳೆ. ರೈಲು ಹತ್ತಬೇಕೆಂದರೆ ಮಾತ್ರ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಬೇಕು. ಹಾಗಿದ್ದೂ ರೈಲು ದುರಂತದ ಸಿನಿಮಾಗಳ ಬಗ್ಗೆ ತಕರಾರು ಎತ್ತುವ ಹಕ್ಕು ನಮ್ಮ ಕಡೆಯವರಿಗೆ ಬೇರೆಯವರಿಗಿಂತ ಒಂದು ಹಿಡಿ ಜಾಸ್ತಿಯೇ ಇದೆ ಎಂದು ನಾನು ನಂಬಿದ್ದೇನೆ. ಸುಗ್ಗಿ ಮುಗಿದು, ಕಾಲುವೆ ಒಣಗಿ, ಊರಲ್ಲಿ ಕೂಲಿ ನಿಂತ ಮೇಲೆ ಬೆಂಗಳೂರಿಗೆ ಗುಳೆ ಹೊರಡುವವರು ರಾತ್ರಿ ಹತ್ತುವುದು ಹಂಪಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯನ್ನು. ಆ ಬೋಗಿ ನಾನು ನೋಡಿದ ಯಾವ ರೈಲು ಥ್ರಿಲ್ಲರಿನಲ್ಲೂ ನನಗೆ ಸಿಕ್ಕಿಲ್ಲ.

ಇಂಥ ಸಿನಿಮಾಗಳನ್ನು ಹೊಗಳುವವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ. ರೈಲೆಂದರೆ ಸಮಾಜದ ಪುಟ್ಟ ಮಾದರಿ. ಆಪತ್ತು ಬಂದಾಗ ಬಡವ ಬಲ್ಲಿದ ಎಲ್ಲ ಒಂದೇ. ಒಳಗೆ ಸಿಕ್ಕಿಬಿದ್ದವರ ನಿಜವಾದ ಗುಣ ಆಗ ಹೊರಬೀಳುತ್ತದೆ. ಸಿನಿಮಾ ಅಧ್ಯಯನದ ವಿದ್ಯಾರ್ಥಿಗಳು ಇದನ್ನು ಪ್ರಬಂಧಗಳಲ್ಲಿ ಬರೆಯುತ್ತಾರೆ, ಅಂಕವೂ ಬೀಳುತ್ತದೆ. ಕೇಳಲು ಚೆನ್ನಾಗಿರುವ ಈ ಮಾತು ಸುಳ್ಳು. ಆಪತ್ತು ಟಿಕೆಟ್ ನೋಡುತ್ತದೆ.

1980ರಲ್ಲಿ ಬಂದ ರವಿ ಚೋಪ್ರಾ ನಿರ್ದೇಶನದ ‘ದ ಬರ್ನಿಂಗ್ ಟ್ರೇನ್’ ನೆನಪಿಸಿಕೊಳ್ಳಿ. ಧರ್ಮೇಂದ್ರ, ವಿನೋದ್ ಖನ್ನಾ, ಜಿತೇಂದ್ರ, ಹೇಮಾಮಾಲಿನಿ. ದಿಲ್ಲಿಯಿಂದ ಮುಂಬೈಗೆ ಹೊರಟ ಹೊಚ್ಚ ಹೊಸ ಸೂಪರ್ ಎಕ್ಸ್‌ಪ್ರೆಸ್ಸು. ಅದಕ್ಕೆ ಬೆಂಕಿ ಯಾಕೆ ಬೀಳುತ್ತದೆ? ರೈಲಿನ ವಿನ್ಯಾಸ ಮಾಡುವ ಅವಕಾಶ ತನಗೆ ಸಿಗಲಿಲ್ಲವೆಂದು ಒಬ್ಬ ಎಂಜಿನಿಯರಿಗೆ ಹೊಟ್ಟೆಕಿಚ್ಚು. ಅವನು ಬ್ರೇಕ್ ಕಿತ್ತು, ಬಾಂಬ್ ಇಟ್ಟು ಇಳಿದುಹೋಗುತ್ತಾನೆ. ಅಲ್ಲಿಗೆ ರೈಲ್ವೆ ಇಲಾಖೆ ಪಾರು, ಹಣಕಾಸು ಖಾತೆ ಪಾರು, ಟಿಕೆಟ್ ಕೊಂಡು ಕೂತ ನಾವೂ ಪಾರು. ಕೆಟ್ಟವನು ಒಬ್ಬನೇ, ಅವನನ್ನು ಹಿಡಿದರೆ ಲೆಕ್ಕ ಚುಕ್ತಾ.

ಅದಕ್ಕೂ ಐದು ವರ್ಷ ಮೊದಲು, 1975ರಲ್ಲಿ, ಜಪಾನಿನ ಜುನ್ಯಾ ಸಾಟೊ ‘ದ ಬುಲೆಟ್ ಟ್ರೇನ್’ ತೆಗೆದಿದ್ದರು. ವೇಗ ಗಂಟೆಗೆ 80 ಕಿಲೋಮೀಟರಿಗಿಂತ ಕೆಳಗಿಳಿದರೆ ಸಿಡಿಯುವ ಬಾಂಬು, ಒಳಗೆ ಪ್ರಯಾಣಿಕರು. ಬಾಂಬ್ ಇಟ್ಟವನು ಸಣ್ಣ ಕಾರ್ಖಾನೆ ನಡೆಸಿ ದಿವಾಳಿ ಎದ್ದವನು. ದೇಶ ಬುಲೆಟ್ ವೇಗದಲ್ಲಿ ಮುಂದೆ ಓಡುವಾಗ ಹಳಿಯ ಪಕ್ಕದಲ್ಲಿ ಬಿದ್ದುಹೋದವರು ಯಾರು ಎಂದು ಆ ಸಿನಿಮಾ ಕೇಳುತ್ತದೆ. ಅಂದಿನ ಜಪಾನ್ ರೈಲ್ವೆ ಚಿತ್ರೀಕರಣಕ್ಕೆ ಸಹಕಾರ ಕೊಡಲು ಒಪ್ಪಲಿಲ್ಲ. ಐವತ್ತು ವರ್ಷದ ಮೇಲೆ, 2025ರಲ್ಲಿ ನೆಟ್‌ಫ್ಲಿಕ್ಸಿಗಾಗಿ ಅದೇ ಕತೆಯ ಮುಂದುವರಿಕೆ ಬಂದಾಗ ಮಾತ್ರ ರೈಲ್ವೆ ಕಂಪನಿಯೇ ನಿಂತು ಸಹಾಯ ಮಾಡಿತು. ಆ ಹೊಸ ಚಿತ್ರದಲ್ಲಿ ರೈಲು ಸಿಬ್ಬಂದಿಯ ಶಿಸ್ತು ನೋಡಿದರೆ ಸಹಾಯ ಯಾಕೆ ಸಿಕ್ಕಿತೆಂದು ಗೊತ್ತಾಗುತ್ತದೆ. ರೈಲ್ವೆಯವರು ತಕರಾರಿಲ್ಲದೆ ಹಳಿ ಬಿಟ್ಟುಕೊಡುವ ಥ್ರಿಲ್ಲರಿನ ಬಗ್ಗೆ ನನಗೆ ಸಣ್ಣ ಗುಮಾನಿ ಇದ್ದೇ ಇರುತ್ತದೆ.

ಈಗ ನಮ್ಮ ಹಳಿಗೆ ಬರೋಣ.

2012ರ ಮೇ 22, ಬೆಳಗಿನ ಜಾವ ಮೂರು ಗಂಟೆ ದಾಟಿತ್ತು. ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಗುಂತಕಲ್ ಮೇಲೆ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್, ಆಂಧ್ರದ ಪೆನುಕೊಂಡ ನಿಲ್ದಾಣದಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಹಿಂದಿನಿಂದ ಗುದ್ದಿತು. ನಿಲ್ಲಬೇಕಿದ್ದ ಸಿಗ್ನಲ್ ದಾಟಿ ಬಂದದ್ದೇ ಕಾರಣ ಎಂದರು. ಎಂಜಿನ್ನಿನ ಬೆನ್ನಿಗೇ ಇದ್ದ ಬೋಗಿ ನುಜ್ಜುಗುಜ್ಜಾಗಿ ಬೆಂಕಿ ಹತ್ತಿತು. ಸತ್ತವರು ಸುಮಾರು 25 ಮಂದಿ.

ಇದರಲ್ಲಿ ಖಳನಾಯಕ ಎಲ್ಲಿದ್ದಾನೆ? ಬಾಂಬ್ ಎಲ್ಲಿದೆ? ಟಿಕ್ ಟಿಕ್ ಎನ್ನುವ ಗಡಿಯಾರ ಎಲ್ಲಿದೆ? ಮಲಗಿದ್ದವರಿಗೆ ಮಲಗಿದ್ದ ಕಡೆಯೇ ಎಲ್ಲ ಮುಗಿಯಿತು. ಯಾರ ಗುಣವೂ ಹೊರಬೀಳಲಿಲ್ಲ, ಅದಕ್ಕೆ ವೇಳೆಯೇ ಇರಲಿಲ್ಲ. ಗಡಿಯಾರ ಇದ್ದದ್ದು ಬೇರೆ ಕಡೆ. ಅಪಘಾತಕ್ಕೆ ಮೂರು ತಿಂಗಳ ಹಿಂದೆ, ಅದೇ ಫೆಬ್ರವರಿಯಲ್ಲಿ, ಅನಿಲ್ ಕಾಕೋಡ್ಕರ್ ಸಮಿತಿ ರೈಲ್ವೆ ಸುರಕ್ಷತೆಯ ವರದಿ ಕೊಟ್ಟಿತ್ತು. ಸಿಗ್ನಲ್ ವ್ಯವಸ್ಥೆ ಸುಧಾರಿಸಿ, ಗುದ್ದಿದಾಗ ಒಂದರ ಮೇಲೊಂದು ಹತ್ತುವ ಹಳೇ ಬೋಗಿಗಳನ್ನು ಬಿಟ್ಟು ಎಲ್‌ಎಚ್‌ಬಿ ಬೋಗಿಗೆ ಬದಲಾಗಿ, ಐದು ವರ್ಷಕ್ಕೆ ಸುಮಾರು ಒಂದು ಲಕ್ಷ ಕೋಟಿ ರೂಪಾಯಿ ಬೇಕು ಎಂದಿತ್ತು. ಎಲ್‌ಎಚ್‌ಬಿ ಬೋಗಿಗಳು ದೇಶಕ್ಕೆ ಬಂದದ್ದು 2000ದ ಹೊತ್ತಿಗೆ. ಹಳೇ ಮಾದರಿಯ ಬೋಗಿಗಳ ತಯಾರಿಕೆ ಪೂರ್ತಿ ನಿಂತದ್ದು 2018ರಲ್ಲಿ. ಈ ಹದಿನೆಂಟು ವರ್ಷದ ಟಿಕ್ ಟಿಕ್ ಸದ್ದನ್ನು ಯಾವ ಹಿನ್ನೆಲೆ ಸಂಗೀತಗಾರ ನುಡಿಸಿದ್ದಾನೆ?

ಥ್ರಿಲ್ಲರ್ ಬರೆಯುವವನಿಗೆ ಇಲ್ಲಿ ವಸ್ತುವಿಗೆ ಬರವಿಲ್ಲ. ಬೆಳಗಿನ ಜಾವ ಮೂರರಲ್ಲಿ ಎಂಜಿನ್ ನಡೆಸುವ ಮನುಷ್ಯನ ಕಣ್ಣ ರೆಪ್ಪೆಯೇ ಸಾಕು. ಅವನಿಗೆ ಅದು ಎಷ್ಟನೇ ರಾತ್ರಿ ಪಾಳಿ? ಕೆಂಪು ದೀಪ ದಾಟಿದರೆ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಅವನ ಎಂಜಿನ್ನಿನಲ್ಲಿ ಯಾಕಿರಲಿಲ್ಲ? ಈಗ ‘ಕವಚ್’ ಎಂದು ಕರೆಯುವ ಆ ವ್ಯವಸ್ಥೆಯ ಪ್ರಯೋಗ ಶುರುವಾದದ್ದು ಅದೇ 2012ರಲ್ಲಿ, ದಕ್ಷಿಣ ಮಧ್ಯ ರೈಲ್ವೆಯಲ್ಲೇ. 2023ರ ಜೂನ್ ಬಂದರೂ ಅದು 1,500 ಕಿಲೋಮೀಟರ್ ಮುಟ್ಟಿರಲಿಲ್ಲ. ದೇಶದ ರೈಲು ದಾರಿ 68,000 ಕಿಲೋಮೀಟರಿನ ಆಸುಪಾಸು.

ಪೆನುಕೊಂಡದಿಂದ ಅಷ್ಟೇನೂ ದೂರವಿಲ್ಲದ ಕೊತ್ತಚೆರುವಿನಲ್ಲಿ, 2013ರ ಡಿಸೆಂಬರ್ 28ರ ಬೆಳಗಿನ ಜಾವ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್ಸಿನ ಎಸಿ ಬೋಗಿ ಹೊತ್ತಿ ಉರಿದು 26 ಜನ ಸತ್ತರು. ಆಗ ನನ್ನ ಮಾತಿಗೆ ಎದುರಾಡುವವರು ಹೇಳಬಹುದು: ನೋಡಿ, ಎಸಿಯವರೂ ಸತ್ತರಲ್ಲ, ಎಲ್ಲ ಒಂದೇ ಆಯಿತಲ್ಲ? ಬೆಂಕಿಯ ಮಟ್ಟಿಗೆ ಹೌದು. ಆದರೆ ಆ ಬೋಗಿಗೆ ಒಂದು ಚಾರ್ಟ್ ಇತ್ತು. ಯಾವ ಸೀಟಿನಲ್ಲಿ ಯಾರು, ವಯಸ್ಸು ಎಷ್ಟು, ಎಲ್ಲಿ ಇಳಿಯಬೇಕಿತ್ತು ಎಂಬುದು ಕಾಗದದ ಮೇಲಿತ್ತು. ಜನರಲ್ ಟಿಕೆಟ್ಟಿನ ಮೇಲೆ ಎಲ್ಲಿಂದ ಎಲ್ಲಿಗೆ, ಎಷ್ಟು ಜನ, ಎಷ್ಟು ರೂಪಾಯಿ ಎಂದಿರುತ್ತದೆ. ಹೆಸರಿರುವುದಿಲ್ಲ.

ನನ್ನ ತಕರಾರಿನ ಬೇರು ಇಲ್ಲೇ ಇದೆ. ಥ್ರಿಲ್ಲರಿಗೆ ಪಾತ್ರ ಬೇಕು, ಪಾತ್ರಕ್ಕೆ ಹೆಸರು ಬೇಕು, ಹೆಸರು ರಿಸರ್ವೇಶನ್ ಇದ್ದವರಿಗಷ್ಟೇ. ಹಾಗಾಗಿ ಮದುವೆಗೆ ಹೊರಟ ಹುಡುಗಿ, ಕಳ್ಳ, ಪಾದ್ರಿ, ಗರ್ಭಿಣಿ, ಪುಟ್ಟ ಮಗು ಎಲ್ಲರೂ ಸೀಟು ಸಿಕ್ಕು ಕೂತವರೇ. ಬಾಗಿಲ ಬಳಿ ಮೊಣಕಾಲು ಮಡಚಿ, ಗೋಣಿಚೀಲದ ಮೇಲೆ ಮಗಳನ್ನು ಮಲಗಿಸಿಕೊಂಡ ಹೆಂಗಸು ಕತೆಯೊಳಗೆ ಬರುವುದಿಲ್ಲ. ಬಂದರೂ ಕಿರುಚುವ ಗುಂಪಿನಲ್ಲಿ ಒಂದು ಬಾಯಿ, ಅಷ್ಟೇ.

2023ರ ಜೂನ್ 2ರಂದು ಒಡಿಶಾದ ಬಾಲಾಸೋರ್ ಬಳಿ ಬಹನಾಗಾ ಬಜಾರಿನಲ್ಲಿ ಆದದ್ದು ಪೆನುಕೊಂಡದ ದೊಡ್ಡ ರೂಪ. ಸಿಗ್ನಲ್ಲಿನ ತಂತಿ ಜೋಡಣೆಯ ತಪ್ಪಿನಿಂದ ಕೋರಮಂಡಲ್ ಎಕ್ಸ್‌ಪ್ರೆಸ್ ನಿಂತ ಗೂಡ್ಸ್ ರೈಲಿಗೆ ಗುದ್ದಿತು. ಚೆಲ್ಲಾಪಿಲ್ಲಿಯಾದ ಬೋಗಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲಿನ ಕೊನೆಯ ಬೋಗಿಗಳಿಗೆ ತಗುಲಿದವು. ಸತ್ತವರು 290ಕ್ಕೂ ಹೆಚ್ಚು. ಎರಡೂ ರೈಲುಗಳಲ್ಲಿ ತುದಿಗಳಲ್ಲಿದ್ದದ್ದು ಜನರಲ್ ಬೋಗಿಗಳು. ನಾಲ್ಕು ತಿಂಗಳು ಕಾದು, ಡಿಎನ್‌ಎ ಪರೀಕ್ಷೆ ಎಲ್ಲ ಮುಗಿದ ಮೇಲೂ ಯಾರೂ ಬಂದು ಕೇಳದ 28 ಶವಗಳಿಗೆ ಅಕ್ಟೋಬರಿನಲ್ಲಿ ಭುವನೇಶ್ವರದಲ್ಲಿ ಸಂಸ್ಕಾರ ಮಾಡಿದರು. ರೈಲಿನಲ್ಲಿ ಸಿಕ್ಕಿಬಿದ್ದವರ ಕತೆ ಎನ್ನುತ್ತೇವಲ್ಲ, ಆ ಇಪ್ಪತ್ತೆಂಟು ಮಂದಿ ಸತ್ತ ಮೇಲೂ ನಾಲ್ಕು ತಿಂಗಳು ಸಿಕ್ಕಿಬಿದ್ದಿದ್ದರು.

ಉಳಿದವರ ಕತೆ ಪರಿಹಾರದ ಅರ್ಜಿಯಲ್ಲಿ ಶುರುವಾಗುತ್ತದೆ. ಸತ್ತವನು ಆ ರೈಲಿನ ಪ್ರಯಾಣಿಕನೇ ಹೌದು ಎಂದು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿನ ಮುಂದೆ ತೋರಿಸಬೇಕು. ಟಿಕೆಟ್ ಎಲ್ಲಿ? ಅಂಗಿಯ ಜೇಬಿನಲ್ಲಿತ್ತು. ಅಂಗಿ ಎಲ್ಲಿ? ಟಿಕೆಟ್ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಪ್ರಯಾಣಿಕನಲ್ಲ ಎನ್ನುವಂತಿಲ್ಲ, ಮನೆಯವರು ಪ್ರಮಾಣಪತ್ರ ಸಲ್ಲಿಸಿದರೆ ಅಲ್ಲವೆಂದು ತೋರಿಸುವ ಹೊಣೆ ರೈಲ್ವೆಯದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ಹೇಳಬೇಕಾಯಿತು. ಇದನ್ನು ಹೇಳಿಸಲು ದೇಶದ ಅತಿ ದೊಡ್ಡ ಕೋರ್ಟಿನವರೆಗೆ ಹೋಗಬೇಕಾಯಿತು ಎಂಬುದರಲ್ಲೇ ಒಂದು ಕಾದಂಬರಿ ಇದೆ. ತನ್ನ ಗಂಡ ಆ ರೈಲಿನಲ್ಲಿದ್ದ ಎಂದು ಸಾಬೀತು ಮಾಡಲು ಹೊರಟ ಹೆಂಗಸಿಗಿಂತ ಬಾಂಬಿನ ಕೆಂಪು ತಂತಿ, ನೀಲಿ ತಂತಿ ಹೇಗೆ ಹೆಚ್ಚು ರೋಚಕವಾಯಿತು?

ಎಲ್ಲ ಸಿನಿಮಾಗಳನ್ನೂ ಒಂದೇ ಗಾಣಕ್ಕೆ ಹಾಕುತ್ತಿಲ್ಲ. ಕೊರಿಯಾದ ‘ಟ್ರೇನ್ ಟು ಬೂಸಾನ್’ (2016) ಸೋಂಕಿನ ಹೆಣಗಳ ಅಬ್ಬರದ ನಡುವೆಯೂ ಒಂದು ಬಾಗಿಲನ್ನು ಸರಿಯಾಗಿ ಕಂಡಿದೆ: ಜೀವ ಉಳಿಸಿಕೊಂಡು ಓಡಿಬಂದವರಿಗೆ ಒಳಗಿನ ಪ್ರಯಾಣಿಕರೇ ಬಾಗಿಲು ಬಿಗಿಯುತ್ತಾರೆ. ಬಳ್ಳಾರಿಯಲ್ಲಿ ಜನರಲ್ ಬೋಗಿಯಲ್ಲಿ ಜಾಗ ಸಿಗದೆ ಸ್ಲೀಪರ್ ಬೋಗಿಯ ಬಾಗಿಲು ಬಡಿದವರಿಗೆ ಅದನ್ನು ವಿವರಿಸುವ ಅಗತ್ಯವಿಲ್ಲ. ಬಾಂಗ್ ಜೂನ್‌-ಹೋ ಅವರ ‘ಸ್ನೋಪಿಯರ್ಸರ್’ (2013) ಬಾಲದ ಬೋಗಿಯಿಂದಲೇ ಶುರುವಾಗುತ್ತದೆ. ಆದರೆ ಅದು ಹಿಮಯುಗದ ರೂಪಕ. ಕೂತು ನೋಡಿದವನು ಬಂಡವಾಳಶಾಹಿಯ ಬಗ್ಗೆ ಮಾತಾಡುತ್ತಾ ಎದ್ದುಹೋಗಬಹುದು, ಹಂಪಿ ಎಕ್ಸ್‌ಪ್ರೆಸ್ಸಿಗೆ ಎಷ್ಟು ಜನರಲ್ ಬೋಗಿ ಇವೆ ಎಂದು ಕೇಳಬೇಕಾಗುವುದಿಲ್ಲ.

ಮೇಲಿನ ಪ್ರಶ್ನೆಯನ್ನು ನಾನು ನಮ್ಮ ಓಣಿಯ ಗೌಂಡಿ ಮಾವನಿಗೆ ಒಮ್ಮೆ ಹಾಕಿದ್ದೆ. ಮುಂದಿನ ಡಬ್ಬಿ ಬಿಟ್ಟು ಹಿಂದಿನದಕ್ಕಾದರೂ ಹತ್ತಬಾರದಾ ಮಾವ ಎಂದರೆ ಅವನು ನಕ್ಕ. “ಕಾಲಿಡಾಕೆ ಎಲ್ಲಿ ಜಾಗ ಸಿಗ್ತೈತೋ ಅಲ್ಲಿ ಹತ್ತೋದು ನೋಡಪ್ಪ. ಮುಂದಿಂದು ಹಿಂದಿಂದು ಅಂತ ನೋಡ್ಕಂತ ಕುಂತ್ರೆ ರೈಲು ಬಿಟ್ಟೋಗ್ತೈತೆ.” ಅವನ ಪಾಲಿಗೆ ಸಿಕ್ಕಿಬೀಳುವುದು ಅಪಘಾತವಾದಾಗ ಶುರುವಾಗುವ ಸಂಗತಿಯಲ್ಲ. ಬಳ್ಳಾರಿಯಲ್ಲಿ ಹತ್ತಿದ ಕ್ಷಣದಿಂದ ಅವನು ಅಲುಗಾಡಲಾರ, ಕಕ್ಕಸಿಗೆ ಹೋಗಲಾರ, ಗುಂತಕಲ್ಲಿನಲ್ಲಿ ನೀರಿಗೆ ಇಳಿದರೆ ಮತ್ತೆ ಒಳಗೆ ಬರಲಾರ. ರಾತ್ರಿಯಿಡೀ ಹೀಗೇ. ಇದಕ್ಕೆ ಯಾರೂ ಥ್ರಿಲ್ಲರ್ ಎನ್ನುವುದಿಲ್ಲ, ಪ್ರಯಾಣ ಎನ್ನುತ್ತಾರೆ.

ಜನಕ್ಕೆ ಇಂಥದ್ದು ಬೇಡ, ಮನರಂಜನೆ ಬೇಕು ಎನ್ನುವವರಿಗೆ ನಾನು ಬೇರೆ ದೇಶದ ಉದಾಹರಣೆ ಕೊಡಬೇಕಾಗಿಲ್ಲ. 1985ರಲ್ಲೇ ಶಂಕರ್‌ನಾಗ್ ‘ಆಕ್ಸಿಡೆಂಟ್’ ಮಾಡಿ ತೋರಿಸಿದರು. ಅದರಲ್ಲಿ ರೈಲಿಲ್ಲ, ಕಾರಿದೆ. ಫುಟ್‌ಪಾತಿನಲ್ಲಿ ಮಲಗಿದ್ದ ಬಡವರ ಮೇಲೆ ಹರಿಯುವ ರಾಜಕಾರಣಿಯ ಮಗನ ಕಾರು. ಅಪಘಾತ ಮೊದಲೇ ಆಗಿಹೋಗುತ್ತದೆ. ಆಮೇಲಿನ ಅಷ್ಟೂ ಹೊತ್ತು ನಾವು ಉಸಿರು ಬಿಗಿಹಿಡಿದು ನೋಡುವುದು ಅದನ್ನು ಮುಚ್ಚಿಹಾಕುವ ಕೆಲಸವನ್ನು. ಯಾರು ಫೋನ್ ಮಾಡಿದರು, ಯಾರು ಸಾಕ್ಷಿ, ಯಾರ ಬಾಯಿ ಯಾರು ಮುಚ್ಚಿಸಿದರು. ಸತ್ತವರ ಕಡೆಯಿಂದ ನೋಡಿದರೂ ಥ್ರಿಲ್ಲರ್ ಓಡುತ್ತದೆ ಎಂದು ತೋರಿಸಿದ ಕನ್ನಡ ಸಿನಿಮಾ ಅದು. ನಲವತ್ತು ವರ್ಷ ಕಳೆದರೂ ಆ ದಾರಿಯಲ್ಲಿ ನಡೆದವರು ಕಡಿಮೆ.

ಸಾಹಿತ್ಯದವರನ್ನೂ ಬಿಡುವಂತಿಲ್ಲ. ಗುಳೆಯ ಬಗ್ಗೆ ಬರೆದರೆ ನಾವು ಬರ, ಬೀಗ ಹಾಕಿದ ಮನೆ, ಬೀದಿಯಲ್ಲಿ ಒಂಟಿ ಮುದುಕಿ ಎಂದು ಮರುಕದ ಕತೆ ಬರೆಯುತ್ತೇವೆ. ಊರು ಬಿಟ್ಟಾಗ ಒಂದು ಸಾಲು, ಬೆಂಗಳೂರು ಮುಟ್ಟಿದಾಗ ಇನ್ನೊಂದು ಸಾಲು. ನಡುವಿನ ರಾತ್ರಿ ಮಾಯ. ಥ್ರಿಲ್ಲರ್ ಕೀಳು ಎಂದು ನಾವು ಮೂಗು ಮುರಿದು ಕೂತದ್ದರಿಂದ ಆ ರಾತ್ರಿ ಪೂರ್ತಿ ಹೆಲಿಕಾಪ್ಟರಿನಿಂದ ಜಿಗಿಯುವವರ ಪಾಲಾಯಿತು. ಬರೆಯುವ ಹುಡುಗ ಹುಡುಗಿಯರು ಈ ಪತ್ರಿಕೆ ಓದುತ್ತಾರೆಂದು ಗೊತ್ತಿರುವುದರಿಂದ ಕೇಳುತ್ತಿದ್ದೇನೆ. ಬಳ್ಳಾರಿ ನಿಲ್ದಾಣದ ಜನರಲ್ ಟಿಕೆಟ್ ಕೌಂಟರಿನ ಸಾಲಿನಲ್ಲಿ ಒಂದು ರಾತ್ರಿ ನಿಂತು ನೋಡಿ. ಮುಂದೆ ನಿಂತವರ ಹೆಸರು ಕೇಳಿ ಬರೆದುಕೊಳ್ಳಿ. ಟಿಕೆಟ್ಟಿನ ಮೇಲಂತೂ ಅದನ್ನು ಯಾರೂ ಬರೆಯುವುದಿಲ್ಲ.