ಕನ್ನಡ ಚಾನೆಲಿನ ಒಡೆಯರು ಯಾರು?

ಹರೂರಿನಿಂದ ಸಹೋದರಿಯೊಬ್ಬರು ಬರೆದ ಕಾಗದ ನಮ್ಮ ಮುಂದಿದೆ. ಕುಂಬಳೆಯ ಕಡೆಯವರು, ಮದುವೆಯಾಗಿ ಅಲ್ಲಿಗೆ ಹೋದವರು. ಹರೂರು ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ, ತೀರ್ಥಮಲೆಯ ಸಮೀಪದ ಊರು. 1965ರವರೆಗೆ ಅದು ಸೇಲಂ ಜಿಲ್ಲೆಗೆ ಸೇರಿತ್ತು. 1956ಕ್ಕೆ ಮುಂಚೆ ನಮ್ಮ ಕಾಸರಗೋಡೂ ಆ ಸೇಲಮ್ಮೂ ಒಂದೇ ಮದ್ರಾಸ್ ಪ್ರಾಂತದೊಳಗೆ ಇದ್ದವೆಂಬುದನ್ನು ಹಿರಿಯ ವಾಚಕರು ಮರೆತಿರಲಾರರು.

ಆ ಸಹೋದರಿಯ ಮನೆಯಲ್ಲಿ ತಲೆಮಾರುಗಳಿಂದ ಕನ್ನಡವೇ ಮಾತು. ಆದರೆ ಅತ್ತೆಯವರಿಗೆ ಕನ್ನಡ ಓದಲು ಬಾರದು. ಮಕ್ಕಳದು ತಮಿಳು ಶಾಲೆ. ಮನೆಯ ಹೊರಗಿನ ಕನ್ನಡವೆಂದು ಆ ಮಕ್ಕಳ ಕಿವಿಗೆ ಬೀಳುತ್ತಿದ್ದುದು ಸಂಜೆಯ ಉದಯ ಟಿ.ವಿ. ಮಾತ್ರ. ಒಂದು ದಿನ ಅದೂ ನಿಂತುಹೋಯಿತು. ಕೇಬಲಿನವನನ್ನು ಕೇಳಿದರೆ, "ಇಲ್ಲಿ ಕನ್ನಡ ಯಾರಮ್ಮಾ ನೋಡುತ್ತಾರೆ? ಬೇಕಿದ್ದರೆ ಬೇರೆ ದುಡ್ಡು ಕೊಡಿ" ಎಂದನಂತೆ. ಕೊಟ್ಟ ದುಡ್ಡು ಹೋಗುವುದು ಎಲ್ಲಿಗೆಂದು ವಿಚಾರಿಸಿದಾಗ ಮದ್ರಾಸಿಗೇ ಎಂಬ ಉತ್ತರ ಬಂತು. "ಹಾಗಾದರೆ ಅದು ಯಾರ ಚಾನೆಲು? ನಮ್ಮದೋ ಅವರದೋ?" ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಸಣ್ಣದಲ್ಲ. ಇದೇ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ಮನೆಗಳೂ ಕೇಳಿಕೊಳ್ಳಬೇಕಾಗಿದೆ.

ಉದಯದ ವಿಷಯದಲ್ಲಿ ಕೇಬಲಿನವನು ಹೇಳಿದ್ದು ನಿಜ. 1993ರ ಏಪ್ರಿಲಿನಲ್ಲಿ ಮದ್ರಾಸಿನಲ್ಲಿ ಸನ್ ಟಿ.ವಿ. ಹುಟ್ಟಿತು. ಮರುವರ್ಷ, 1994ರ ಜೂನಿನಲ್ಲಿ, ಅದೇ ಬಳಗದಿಂದ ಕನ್ನಡದ ಮೊತ್ತಮೊದಲ ಖಾಸಗಿ ಉಪಗ್ರಹ ಚಾನೆಲಾಗಿ ಉದಯ ಬಂತು. ಸನ್ ಕಂಪೆನಿ 2006ರಲ್ಲಿ ಶೇರು ಪೇಟೆಗೆ ಇಳಿದ ಬಳಿಕ ಉದಯವೂ ತೆಲುಗಿನ ಜೆಮಿನಿಯೂ ಅದರೊಳಗೆ ವಿಲೀನವಾದವು. ಆ ಕಂಪೆನಿಯ ನೂರಕ್ಕೆ 75 ಪಾಲು ಶೇರು, ಕೇಂದ್ರ ಮಂತ್ರಿಯಾಗಿದ್ದ ಮುರಸೊಲಿ ಮಾರನ್ ಅವರ ಮಗ ಕಲಾನಿಧಿ ಮಾರನ್ ಅವರ ಕೈಯಲ್ಲಿದೆ. ಕೇಬಲ್ ಜಾಲವಾದ ಸುಮಂಗಲಿಯೂ ಅದೇ ಬಳಗದ್ದು. ಚಾನೆಲೂ ತಂತಿಯೂ ಒಂದೇ ಮನೆಯಲ್ಲಿದ್ದ ಕಾಲದಲ್ಲಿಯೇ ತಮಿಳುನಾಡು ಸರಕಾರ 2007ರಲ್ಲಿ ತನ್ನದೇ ಅರಸು ಕೇಬಲ್ ನಿಗಮವನ್ನು ಸ್ಥಾಪಿಸಿತು. ಅದರ ಹಿಂದಿನ ರಾಜಕೀಯವನ್ನು ಇಲ್ಲಿ ಕೆದಕುವುದಿಲ್ಲ.

ಮಿಕ್ಕವುಗಳ ಕತೆಯೂ ಹೀಗೆಯೇ. 2000ದ ಡಿಸೆಂಬರಿನಲ್ಲಿ ಬಂದ ಈಟಿವಿ ಕನ್ನಡ ಹೈದರಾಬಾದಿನ ರಾಮೋಜಿರಾಯರದು. 2006ರ ಝೀ ಕನ್ನಡ ಮುಂಬಯಿಯದು. 2007ರ ಸುವರ್ಣದ ಮೂಲ ಕೇಳಿದರೆ ನಮ್ಮ ವಾಚಕರಿಗೆ ಸೋಜಿಗವಾದೀತು. ಪತ್ರಕರ್ತ ಶಶಿಕುಮಾರರು 1993ರಲ್ಲಿ ಮಲಯಾಳದಲ್ಲಿ ಪ್ರಾರಂಭಿಸಿದ ಏಷ್ಯಾನೆಟ್, ಒಡೆತನ ಕೈ ಬದಲಾದ ಬಳಿಕ, ಕನ್ನಡದಲ್ಲಿ ತೆರೆದ ಕವಲೇ ಅದು. ಅಂದರೆ ಕನ್ನಡಿಗರ ಪಡಸಾಲೆಯ ನಾಲ್ಕು ದೊಡ್ಡ ಚಾನೆಲುಗಳು ತಮಿಳು, ತೆಲುಗು, ಮಲಯಾಳಗಳ ಮನೆಗಳಿಂದಲೂ ಮುಂಬಯಿಯ ಹಿಂದಿ ಮನೆಯಿಂದಲೂ ಬಂದವು. 2007ರಲ್ಲೇ ಆರಂಭವಾದ ಕಸ್ತೂರಿ ಕರ್ನಾಟಕದವರದು, ಎಚ್.ಡಿ. ಕುಮಾರಸ್ವಾಮಿಯವರ ಕುಟುಂಬದ್ದು. ಆದರೆ ಆ ನಾಲ್ಕರ ಸಾಲಿಗೆ ಅದು ಏರಲಿಲ್ಲ. ಬೆಂಗಳೂರಿನ ಹಣವಂತರಿಗೆ ಕನ್ನಡದಲ್ಲಿ ಕಾಣದ ಲಾಭ ನೆರೆಯವರಿಗೆ ಕಂಡಿತಲ್ಲ ಎಂದು ಬೇಸರವಾಗದಿರದು. ಅದಕ್ಕಾಗಿ ನೆರೆಯವರನ್ನು ದೂರುವುದು ಮಾತ್ರ ನ್ಯಾಯವಲ್ಲ.

ಹುಟ್ಟಿದ ಮನೆಯಲ್ಲಿಯೇ ಎಲ್ಲವೂ ಉಳಿದವೇ? ಅದೂ ಇಲ್ಲ. ಏಷ್ಯಾನೆಟ್ಟಿನ ಮನರಂಜನಾ ವಿಭಾಗಕ್ಕೆ 2008ರಲ್ಲಿ ಸ್ಟಾರ್ ಕಂಪೆನಿ ಕಾಲಿಟ್ಟು ಮುಂದೆ ಪೂರ್ತಿಯಾಗಿ ವಶಪಡಿಸಿಕೊಂಡಿತು. 2016ರಲ್ಲಿ ಚಾನೆಲಿನ ಹೆಸರೇ ಸ್ಟಾರ್ ಸುವರ್ಣ ಎಂದಾಯಿತು. ವಾರ್ತೆಯ ಚಾನೆಲುಗಳು ಮಾತ್ರ ರಾಜೀವ್ ಚಂದ್ರಶೇಖರ್ ಅವರ ಬಳಿ ಉಳಿದವು. ಈಟಿವಿ ಕನ್ನಡ ರಿಲಯನ್ಸಿನ ನೆರಳಿಗೆ ಬಂದು 2015ರಲ್ಲಿ ಕಲರ್ಸ್ ಕನ್ನಡವಾಯಿತು. ಕೊನೆಗೆ 2024ರ ನವೆಂಬರಿನಲ್ಲಿ ಸ್ಟಾರ್ ಮತ್ತು ಕಲರ್ಸ್ ಬಳಗಗಳೆರಡೂ ಸೇರಿ ಜಿಯೋಸ್ಟಾರ್ ಎಂಬ ಒಂದೇ ಸಂಸ್ಥೆಯಾದವು. ಅದರಲ್ಲಿ ಅಮೆರಿಕದ ಡಿಸ್ನಿ ಕಂಪೆನಿಗೆ ನೂರಕ್ಕೆ 36.84 ಪಾಲು, ಮಿಕ್ಕದ್ದು ರಿಲಯನ್ಸ್ ಮತ್ತು ಅದರ ವಯಾಕಾಂ18ಕ್ಕೆ. ನಿನ್ನೆಯ ತನಕ ಒಂದನ್ನೊಂದು ಹಿಂದಿಕ್ಕಲು ಓಡುತ್ತಿದ್ದ ಸುವರ್ಣವೂ ಕಲರ್ಸ್ ಕನ್ನಡವೂ ಇಂದು ಒಂದೇ ಯಜಮಾನನ ಎರಡು ಅಂಗಡಿಗಳು.

ಒಡೆಯರು ಯಾರಾದರೇನು, ಕನ್ನಡ ಕೇಳಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅರ್ಧ ಸತ್ಯ. ಉದಯದ ಒಡೆಯರು ಮದ್ರಾಸಿನವರಾದರೂ ಅದರಲ್ಲಿ ನಟಿಸಿದವರು, ಸಂಭಾಷಣೆ ಬರೆದವರು ಕನ್ನಡಿಗರೇ. ಇದಕ್ಕೆ ಕಾರಣ ಒಡೆಯರ ಔದಾರ್ಯವೊಂದೇ ಅಲ್ಲ. ಕರ್ನಾಟಕದಲ್ಲಿ ಡಬ್ಬಿಂಗ್ ನಡೆಯಕೂಡದೆಂದು ಚಿತ್ರರಂಗ ದಶಕಗಳ ಕಾಲ ತಡೆ ಒಡ್ಡಿದ್ದರಿಂದ, ತಮಿಳು ಧಾರಾವಾಹಿಗೆ ಕನ್ನಡದ ದನಿ ಅಂಟಿಸಿ ಕಳುಹಿಸುವ ದಾರಿ ಯಾರಿಗೂ ಇರಲಿಲ್ಲ. ಕತೆ ಎರವಲಾದರೂ ಕನ್ನಡದಲ್ಲಿ ಮರಳಿ ತಯಾರಿಸಲೇ ಬೇಕಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ತಡೆ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತು ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತಾಗ ಹಿಂದಿಯ ಮಹಾಭಾರತ ಕನ್ನಡದ ದನಿ ತೊಟ್ಟು ಸ್ಟಾರ್ ಸುವರ್ಣಕ್ಕೆ ಬಂತು. ಜನ ಮೆಚ್ಚಿ ನೋಡಿದರು. ನಾವೂ ನೋಡಿದೆವು, ಡಬ್ಬಿಂಗನ್ನೇ ಪಾಪವೆಂದು ನಾವು ಬಗೆಯುವುದಿಲ್ಲ. ಆದರೆ ಅನ್ಯಭಾಷೆಯ ಸಿದ್ಧ ಸರಕು ಉಗ್ರಾಣ ತುಂಬ ಇರುವ ಒಡೆಯನಿಗೆ ಕನ್ನಡದಲ್ಲಿ ಹೊಸತನ್ನು ಕಟ್ಟುವ ಖರ್ಚು ಎಷ್ಟು ದಿನ ಸಮಂಜಸವಾಗಿ ಕಂಡೀತು? ಒಡೆತನದ ಪ್ರಶ್ನೆ ಮುಖ್ಯವಾಗುವುದು ಇಲ್ಲಿ.

ಇನ್ನು ಅನುಮತಿಯ ವಿಷಯ. ಚಾನೆಲಿಗೆ ಪರವಾನಗಿ ಕೊಡುವುದು ದಿಲ್ಲಿಯ ವಾರ್ತಾ ಮತ್ತು ಪ್ರಸಾರ ಇಲಾಖೆ. ಮನರಂಜನೆಯ ಮೊದಲ ಚಾನೆಲಿಗೆ ಕಂಪೆನಿಯ ನಿವ್ವಳ ಆಸ್ತಿ 5 ಕೋಟಿ ರೂಪಾಯಿ, ವಾರ್ತೆಗಾದರೆ 20 ಕೋಟಿ ಇರಬೇಕು. ಕನ್ನಡ ಚಾನೆಲು ನಡೆಸುವವನಿಗೆ ಕನ್ನಡ ಬರಬೇಕೆಂದು, ಕಚೇರಿ ಕರ್ನಾಟಕದಲ್ಲಿರಬೇಕೆಂದು ನಿಯಮವಿಲ್ಲ. ಇರಬೇಕೆಂದು ನಾವೂ ಹೇಳುವುದಿಲ್ಲ, ಹಾಗಿದ್ದಿದ್ದರೆ ಉದಯ ಹುಟ್ಟುತ್ತಿರಲಿಲ್ಲ. ನಮ್ಮನ್ನು ಕಳವಳಕ್ಕೀಡುಮಾಡಿದ್ದು ಬೇರೊಂದು ಅಂಶ. 2022ರ ನವೆಂಬರಿನ ಹೊಸ ಮಾರ್ಗದರ್ಶಿ ಸೂತ್ರಗಳ ಪ್ರಕಾರ ಚಾನೆಲು ತನ್ನ ಭಾಷೆಯನ್ನು ಬದಲಿಸಲು ಪೂರ್ವಾನುಮತಿ ಬೇಕಿಲ್ಲ, ಇಲಾಖೆಗೆ ಮುಂಚಿತವಾಗಿ ತಿಳಿಸಿದರೆ ಸಾಕು. ವ್ಯಾಪಾರ ಸುಗಮವಾಗಲೆಂದು ಮಾಡಿದ ಸಡಿಲಿಕೆಯಂತೆ. ಹಾಗಾದ ಮೇಲೆ ಕನ್ನಡವನ್ನು ಚಾನೆಲಿಗೆ ಕಟ್ಟಿಹಾಕಿರುವ ಹಗ್ಗ ಪರವಾನಗಿಯಲ್ಲಿಲ್ಲ. ಅದು ಚಂದಾ ಕೊಡುವವರ ಕೈಯಲ್ಲಿದೆ. ಹರೂರಿನ ಮನೆಯೊಂದು ಕನ್ನಡವನ್ನು ಕೇಳಿ ಪಡೆದರೆ ಅಲ್ಲಿ ಕನ್ನಡ ನೋಡುವವರಿದ್ದಾರೆಂದು ಲೆಕ್ಕಕ್ಕೆ ಬರುತ್ತದೆ. ಸುಮ್ಮನಿದ್ದರೆ ಕೇಬಲಿನವನ ಮಾತೇ ನಿಜವಾಗುತ್ತದೆ.

ಕೇಳುವ ಹಕ್ಕಂತೂ ಇದೆ. ಟ್ರಾಯ್ ಎಂಬ ನಿಯಂತ್ರಣ ಪ್ರಾಧಿಕಾರದ 2019ರ ವ್ಯವಸ್ಥೆಯಂತೆ, ತಮ್ಮ ಜಾಲದಲ್ಲಿ ಲಭ್ಯವಿರುವ ಯಾವ ಚಾನೆಲನ್ನೇ ಆಗಲಿ ಕೇಬಲಿನವರು ಬಿಡಿಯಾಗಿ ಕೊಡಲೇಬೇಕು. ಗುಚ್ಛ ಕೊಂಡರೆ ಮಾತ್ರ ಎನ್ನುವಂತಿಲ್ಲ. ಪ್ರತಿಯೊಂದರ ಬೆಲೆಯೂ ಪ್ರಕಟವಾಗಿರಬೇಕು. ತಿಂಗಳಿಗೆ 19 ರೂಪಾಯಿಗಿಂತ ಹೆಚ್ಚು ಬೆಲೆಯ ಚಾನೆಲನ್ನು ಗುಚ್ಛಕ್ಕೆ ಸೇರಿಸಲಾಗದೆಂಬ ಕಟ್ಟುಪಾಡು ಇರುವುದರಿಂದ ದೊಡ್ಡ ಚಾನೆಲುಗಳ ಬಿಡಿ ಬೆಲೆ ಸಾಮಾನ್ಯವಾಗಿ ಅದರೊಳಗೇ ಇರುತ್ತದೆ, ತೆರಿಗೆ ಬೇರೆ. ಜಾಲದಲ್ಲಿಯೇ ಇಲ್ಲದ ಚಾನೆಲಿಗೆ ಈ ಹಕ್ಕು ಅನ್ವಯಿಸದು. ಆಗ ನಾಲ್ಕಾರು ಮನೆಯವರು ಸೇರಿ ಲಿಖಿತವಾಗಿ ಕೇಳಬೇಕಾಗುತ್ತದೆ. ನಮ್ಮಲ್ಲಿ ಹೀಗೆ ಸೇರುವ ಅಭ್ಯಾಸ ಕಡಿಮೆ. ಒಬ್ಬೊಬ್ಬರೇ ಗೊಣಗಿ ಮಲಯಾಳದ ಧಾರಾವಾಹಿಗೆ ಒಗ್ಗಿಕೊಳ್ಳುತ್ತೇವೆ.

ದುಡ್ಡು ಕೊಡಬೇಕಾಗಿಲ್ಲದ ಕನ್ನಡವೂ ಒಂದಿದೆ. ಬೆಂಗಳೂರು ದೂರದರ್ಶನದ ಚಂದನ ಯಾವ ಸೇಠನದೂ ಅಲ್ಲ, ಸಾರ್ವಜನಿಕರದು. ಕೇಬಲಿನವರು ಕಡ್ಡಾಯವಾಗಿ ತೋರಿಸಬೇಕಾದ ದೂರದರ್ಶನದ ಚಾನೆಲುಗಳಲ್ಲಿ ಅದೂ ಸೇರಿದೆ. ಧಾರಾವಾಹಿಯ ಥಳಕು ಅದರಲ್ಲಿ ಇಲ್ಲದಿರಬಹುದು. ಆದರೆ ತರಗತಿಯಲ್ಲಿ ದಿನವೂ ಮಕ್ಕಳ ಉಚ್ಚಾರ ತಿದ್ದುವ ನಮಗೆ ಗೊತ್ತು, ಶುದ್ಧವಾಗಿ ಓದಿದ ಒಂದು ವಾರ್ತೆ ಕೇಳಿದ ಮಗುವಿಗೂ ಕೇಳದ ಮಗುವಿಗೂ ಎಷ್ಟು ಅಂತರವೆಂದು. ಲಿಪಿ ಕಲಿಯುವ ಅನುಕೂಲವಿಲ್ಲದ ಸೇಲಂ, ಧರ್ಮಪುರಿ ಕಡೆಯ ಕನ್ನಡ ಮನೆಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು.

ಹರೂರಿನ ಸಹೋದರಿ ಮೊದಲು ತಮ್ಮ ಪೆಟ್ಟಿಗೆಯಲ್ಲಿ ಚಂದನ ಎಷ್ಟನೆಯ ಸಂಖ್ಯೆಯಲ್ಲಿದೆ ಎಂದು ಹುಡುಕಲಿ. ಬಳಿಕ ಉದಯವೊಂದನ್ನೇ ಬಿಡಿಯಾಗಿ ಕೊಡಬೇಕೆಂದು ಕೇಬಲಿನವರ ಗ್ರಾಹಕ ಸಹಾಯವಾಣಿಗೆ ತಿಳಿಸಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ಅವರೇನು ಉತ್ತರ ಕೊಟ್ಟರೆಂದು ನಮಗೆ ಮತ್ತೊಂದು ಕಾಗದ ಬರೆದರೆ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.