ರೂಟರಿನ ಹಿಂದೆ ಕೂತ ಲ್ಯಾಂಡ್‌ಲೈನ್

ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿದರೆ ಲ್ಯಾಂಡ್‌ಲೈನ್ ಸಾಮಾನ್ಯವಾಗಿ ಜೊತೆಗೇ ಬರುತ್ತದೆ. ರೂಟರಿನ ಹಿಂದೆ ‘ಫೋನ್’ ಎಂದೋ ‘ಟೆಲ್’ ಎಂದೋ ಬರೆದ ಸಣ್ಣ ಕಿಂಡಿಗೆ ಹಳೇ ಫೋನಿನ ವೈರ್ ಸಿಕ್ಕಿಸಿದರೆ ಡಯಲ್ ಟೋನ್ ಕೇಳಿಸುತ್ತದೆ. ಮೊಬೈಲಿಗಿಂತ ಇದೇ ಸಲೀಸು ಎನ್ನುವ ಹಿರಿಯರಿಗಾಗಿ ಊರಿನ ಮನೆಯಲ್ಲೂ ಹಲವರು ಇದನ್ನು ಹಾಕಿಸಿದ್ದಾರೆ.

ನೋಡಲು ಹಳೇ ಫೋನೇ, ಒಳಗಿನ ಕಥೆ ಬೇರೆ. ಹಿಂದೆ ಎಕ್ಸ್‌ಚೇಂಜಿನಿಂದ ಮನೆಯವರೆಗೆ ತಾಮ್ರದ ತಂತಿ ಇತ್ತು. ಈಗ ರೂಟರ್ ನಿಮ್ಮ ಮಾತನ್ನು ಡೇಟಾ ಮಾಡಿ ಕಳಿಸುತ್ತದೆ. ನಿಮ್ಮ ಫೋನ್ ಖಾತೆಯ ವಿವರ ಕೂಡ ಅದರೊಳಗೇ ಇರುತ್ತದೆ. ರೂಟರ್ ಬೇರೆಯವರ ಕೈಗೆ ಹೋದರೆ ಫೋನೂ ಹೋದಂತೆ. ನಿಮ್ಮ ಲೆಕ್ಕದಲ್ಲಿ ವಿದೇಶಕ್ಕೆ ದುಬಾರಿ ಕರೆ ಹೋಗಬಹುದು, ಇಲ್ಲವೇ ಫೋನೇ ಸತ್ತು ಹೋಗಬಹುದು.

ಇದು ಬರೀ ಹೆದರಿಸುವ ಮಾತಲ್ಲ. 2016ರ ನವೆಂಬರಿನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರಿಗೆ ಇಂಟರ್ನೆಟ್ ಜೊತೆ ಫೋನೂ ಕೈಕೊಟ್ಟಿತು. ರೂಟರುಗಳನ್ನು ದೂರದಿಂದ ನಿರ್ವಹಿಸುವ ಬಾಗಿಲನ್ನು ‘ಮಿರಾಯ್’ ಎಂಬ ಕುತಂತ್ರಾಂಶದ ಒಂದು ರೂಪ ತಟ್ಟಿತ್ತು. ಒಳಗೆ ಹೋಗಲಾಗದಿದ್ದರೂ, ಆ ತಟ್ಟುವಿಕೆಗೇ ರೂಟರುಗಳು ಕುಸಿದವು.

ಹಾಗಾದರೆ ನಾವೇನು ಮಾಡಬೇಕು? ರೂಟರಿನ ಕೆಳಗಿನ ಚೀಟಿಯಲ್ಲಿರುವ ವಿಳಾಸವನ್ನು, ಹೆಚ್ಚಾಗಿ 192.168.1.1, ಬ್ರೌಸರಿನಲ್ಲಿ ತೆರೆಯಿರಿ.

1. ಅಡ್ಮಿನ್ ಪಾಸ್‌ವರ್ಡ್ ಮೊದಲು ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆಯದು. ಎರಡಕ್ಕೂ ಒಂದೇ ಇಡಬೇಡಿ.

2. ವೈಫೈಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಡಬ್ಲ್ಯುಪಿಎಸ್ ಆಫ್ ಮಾಡಿ. ಮನೆಗೆ ಬಂದವರಿಗೆ ಗೆಸ್ಟ್ ವೈಫೈ ಕೊಡಿ.

3. ‘ರಿಮೋಟ್ ಮ್ಯಾನೇಜ್‌ಮೆಂಟ್’ ಆಫ್ ಇರಲಿ. ಕಂಪನಿಯವರು ತಮ್ಮ ನಿರ್ವಹಣೆಗೆ ಇಟ್ಟುಕೊಂಡ ಸೆಟ್ಟಿಂಗ್ ಮತ್ತು ಫೋನಿನ ಸೆಟ್ಟಿಂಗ್ ಮುಟ್ಟಬೇಡಿ, ಡಯಲ್ ಟೋನ್ ಹೋದೀತು.

4. ಫರ್ಮ್‌ವೇರ್ ಅಪ್‌ಡೇಟ್ ಇದ್ದರೆ ಹಾಕಿಕೊಳ್ಳಿ. ಜರ್ಮನಿಯಲ್ಲೂ ಕಡೆಗೆ ಪರಿಹಾರ ಸಿಕ್ಕಿದ್ದು ಹೊಸ ಫರ್ಮ್‌ವೇರಿನಿಂದಲೇ.

5. ಐಎಸ್‌ಡಿ ಬೇಡವಾದರೆ ಕಸ್ಟಮರ್ ಕೇರ್‌ಗೆ ಹೇಳಿ ಬಂದ್ ಮಾಡಿಸಿ. ಉಳಿದೆಲ್ಲ ಬೀಗ ಮುರಿದರೂ ಬಿಲ್ ಏರದಂತೆ ಕಾಯುವುದು ಇದೊಂದೇ.

ಸ್ವಂತ ಐಪಿ ಫೋನ್ ಅಥವಾ ಅಡಾಪ್ಟರ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಕರೆ ಜೋಡಿಸುವ ‘ಸಿಪ್’ ವ್ಯವಸ್ಥೆಯ ಮಾಮೂಲಿ ಪೋರ್ಟ್ 5060. ತೆರೆದ 5060 ಎಲ್ಲಿದೆ ಎಂದು ಹುಡುಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಅದನ್ನು ಹೊರಜಗತ್ತಿಗೆ ಫಾರ್ವರ್ಡ್ ಮಾಡಬೇಡಿ. ಸೇವೆ ಕೊಡುವವರಲ್ಲಿ ಸೌಲಭ್ಯವಿದ್ದರೆ ಟಿಎಲ್‌ಎಸ್ ಮತ್ತು ಎಸ್‌ಆರ್‌ಟಿಪಿ ಆನ್ ಮಾಡಿ. ಮೊದಲನೆಯದು ಕರೆಯ ವಿವರವನ್ನು, ಎರಡನೆಯದು ಮಾತನ್ನು ಗುಪ್ತವಾಗಿಡುತ್ತದೆ.

ಸುರಕ್ಷತೆ ಎಂದರೆ ಕಳ್ಳರ ಕಾಟವಷ್ಟೇ ಅಲ್ಲ, ಕರೆಂಟೂ ಸೇರಿತು. ಹಳೇ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು. ಊರಿಗೆಲ್ಲ ಕತ್ತಲಾದರೂ ಅದು ಬಡಿದುಕೊಳ್ಳುತ್ತಿತ್ತು. ಈಗ ರೂಟರ್ ಆರಿದರೆ ಫೋನೂ ಆರಿತು. ರೂಟರಿನ ಅಡಾಪ್ಟರಿನ ವೋಲ್ಟೇಜ್ ನೋಡಿ ಅದಕ್ಕೆ ಹೊಂದುವ ಮಿನಿ ಯುಪಿಎಸ್ ಹಾಕಿ. ಫೈಬರ್ ಪೆಟ್ಟಿಗೆ ಬೇರೆಯಾಗಿದ್ದರೆ ಅದಕ್ಕೂ ಬೇಕು. ಹಿರಿಯರಷ್ಟೇ ಇರುವ ಮನೆಯಲ್ಲಿ 112ಕ್ಕೆ ಕರೆ ಮಾಡಲು ಚಾರ್ಜ್ ಆದ ಮೊಬೈಲ್ ಒಂದು ಕೈಗೆ ಸಿಗುವಂತಿರಲಿ.

ಮುಂದಿನ ಸಲ ಊರಿಗೆ ಹೋದಾಗ ಅರ್ಧ ಗಂಟೆ ಇದಕ್ಕಿಡಿ. ಎಲ್ಲ ಮುಗಿದ ಮೇಲೆ ಮೇನ್ ಸ್ವಿಚ್ ಆರಿಸಿ, ನಿಮ್ಮ ಮೊಬೈಲಿನಿಂದ ಮನೆಯ ನಂಬರಿಗೆ ಕರೆ ಮಾಡಿ ನೋಡಿ. ರಿಂಗಾದರೆ ಕೆಲಸ ಮುಗಿಯಿತು.