‘ಸರ್ವರ್ ಇಲ್ಲ’ ಎಂದರೆ ಯಾರೋ ಬೇಕಂತಲೇ ಬಂದ್ ಮಾಡಿದ್ದಾರೆಯೇ?

ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೊಲದ ಕಾಗದಪತ್ರಕ್ಕೆ ಕಚೇರಿ ಅಲೆದವರಿಗೆ ‘ಸರ್ವರ್ ಇಲ್ಲ, ನಾಳೆ ಬರ್ರಿ’ ಎಂಬ ಮಾತು ಹೊಸದಲ್ಲ. ಬ್ಯಾಂಕಿನವರು ಸಾಲಕ್ಕೆ ಇ.ಸಿ. ಕೇಳಿರುತ್ತಾರೆ, ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತೀರಿ. ಆ ಸಿಟ್ಟಿನಲ್ಲಿರುವಾಗ ಮೊಬೈಲಿಗೆ ಎರಡು ಬಗೆಯ ಸಂದೇಶ ಬರುತ್ತವೆ. ‘ರೊಕ್ಕ ಕೊಡಲಿ ಅಂತ ಸಿಬ್ಬಂದಿಯೇ ಸರ್ವರ್ ಬಂದ್ ಮಾಡ್ತಾರೆ’ ಎನ್ನುತ್ತದೆ ಒಂದು. ‘ಹ್ಯಾಕ್ ಆಗಿದೆ, ನಿಮ್ಮ ಹೊಲ ಬೇರೆಯವರ ಹೆಸರಿಗೆ ಹೋಗಿರಬಹುದು’ ಎನ್ನುತ್ತದೆ ಇನ್ನೊಂದು.

ಮೊದಲನೆಯದನ್ನು ಬೇಗ ಮುಗಿಸೋಣ. ನೋಂದಣಿ ಇಲಾಖೆಯ ಕಾವೇರಿ 2.0 ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆ. ಅದನ್ನು ಬಂದ್ ಮಾಡುವ ಗುಂಡಿ ತಾಲೂಕು ಕಚೇರಿಯಲ್ಲಿ ಇರುವುದಿಲ್ಲ. ಅಲ್ಲಿ ಕರೆಂಟು ಹೋಗಬಹುದು, ನೆಟ್‌ವರ್ಕ್ ಕಡಿಯಬಹುದು, ಅಷ್ಟೇ. ಲಂಚ ಕೇಳಿದರೆ ದೂರು ಕೊಡಿ, ಆದರೆ ಅದು ಬೇರೆಯ ವಿಷಯ.

ಎರಡನೆಯದರಲ್ಲಿ ಸ್ವಲ್ಪ ಹುರುಳಿದೆ. 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಕಾವೇರಿ 2.0 ಮೇಲೆ ನಿಜಕ್ಕೂ ದಾಳಿ ನಡೆಯಿತು. ಕಳ್ಳತನದ ದಾಳಿಯಲ್ಲ, ನೂಕುನುಗ್ಗಲಿನ ದಾಳಿ. ಇದಕ್ಕೆ ಡಿಡಿಒಎಸ್ ಎನ್ನುತ್ತಾರೆ. ನಕಲಿ ಖಾತೆ ತೆರೆದು, ಬಾಟ್ ಎಂಬ ಸ್ವಯಂಚಾಲಿತ ಪ್ರೋಗ್ರಾಂಗಳ ಮೂಲಕ ಇ.ಸಿ. ಹುಡುಕಾಟಗಳನ್ನು ಸುರಿಯಲಾಯಿತು. ಹುಡುಕಾಟ ಮಾಮೂಲಿಗಿಂತ 8 ಪಟ್ಟು ಏರಿತ್ತು ಎಂದು ಆಗ ವರದಿಯಾಗಿತ್ತು. ಒಂದು ಹಂತದಲ್ಲಿ 2 ಗಂಟೆಯೊಳಗೆ 6.2 ಲಕ್ಷ ಕೋರಿಕೆಗಳು ಬಂದಿದ್ದವು. ಅವುಗಳ ಹಿಂದೆ ಇದ್ದದ್ದು 62 ಇಮೇಲ್ ಖಾತೆಗಳು, 14 ಐಪಿ ವಿಳಾಸಗಳು.

ಈ ಅಂಕಿಗಳನ್ನು ಭಾಗಿಸಿ ನೋಡಿ. ಒಂದು ಖಾತೆಗೆ ಸರಾಸರಿ 10 ಸಾವಿರ ಕೋರಿಕೆ. 2 ಗಂಟೆ ಎಂದರೆ 7,200 ಸೆಕೆಂಡು. ಅಂದರೆ ಪ್ರತಿ ಸೆಕೆಂಡಿಗೂ ಒಂದಕ್ಕಿಂತ ಹೆಚ್ಚು ಹುಡುಕಾಟ, ನೀರು ಕುಡಿಯಲೂ ಏಳದೆ! ಮನುಷ್ಯರ ಬೆರಳಿಗೆ ಇದು ಆಗದ ಕೆಲಸ. ನಮ್ಮ ಕಣ್ಣಿಗೆ ಮುಖ್ಯವಾಗಿ ಕಂಡದ್ದು ಇದೇ: ‘ನಿಧಾನವಾಗಿದೆ’ ಎಂಬ ದೂರು ‘ಈ ಖಾತೆಯಿಂದ ನಿಧಾನವಾಗಿದೆ’ ಎಂದಾದ ಮೇಲೆಯೇ ದಾಳಿಯ ಗುರುತು ಸಿಕ್ಕುವುದು.

ಆ ಗುರುತು ಸುಲಭವಾಗಿ ಸಿಗುವಂಥದ್ದಲ್ಲ. ಜೇವರ್ಗಿಯ ಒಂದು ದಾಲ್ ಮಿಲ್ಲನ್ನು ಊಹಿಸಿಕೊಳ್ಳಿ. ತೊಗರಿ ಕೊಟ್ಟ ರೈತರು ಹತ್ತಾರು ಮಂದಿ, ಗೋದಾಮಿನೊಳಗೆ ಹೋಗಿ ಬರುವ ಹಮಾಲ ಒಬ್ಬನೇ. ಅವನು ಒಂದು ತಾಸು ಒಳಗೇ ಉಳಿದರೆ ಯಾರ ಚೀಲ ಹುಡುಕುತ್ತಿದ್ದಾನೆ ಎಂದು ಗೋದಾಮಿನವನಿಗೆ ತಿಳಿಯದು. ಕಂಪ್ಯೂಟರಿನಲ್ಲೂ ಹೀಗೆಯೇ. ನೀವು ನಿಮ್ಮ ಹೆಸರಲ್ಲಿ ಲಾಗಿನ್ ಆಗುತ್ತೀರಿ. ಆದರೆ ತಂತ್ರಾಂಶವು ಸಾಮಾನ್ಯವಾಗಿ ಎಲ್ಲರ ಪರವಾಗಿ ಒಂದೇ ಹೆಸರಲ್ಲಿ ಡೇಟಾಬೇಸಿನ ಬಾಗಿಲು ತಟ್ಟುತ್ತದೆ. ಹಾಗಾಗಿ ಯಾವ ಪ್ರಶ್ನೆಗೆ ಎಷ್ಟು ಹೊತ್ತು ಹಿಡಿಯಿತು ಎಂಬುದು ಡೇಟಾಬೇಸಿಗೆ ಗೊತ್ತು, ಕೇಳಿದವರು ಯಾರೆಂಬುದು ಗೊತ್ತಿಲ್ಲ.

ಇದಕ್ಕೆ ಹಮಾಲನ ಕೈಗೆ ಚೀಟಿ ಕೊಡುವುದೇ ದಾರಿ. ಪ್ರತಿ ಪ್ರಶ್ನೆಯ ಜೊತೆ ಬಳಕೆದಾರರ ಗುರುತನ್ನು, ಯಾವ ಪರದೆಯಿಂದ ಬಂತು ಎಂಬುದನ್ನು ಟಿಪ್ಪಣಿಯಾಗಿ ಅಂಟಿಸಬಹುದು. ಮೈಕ್ರೋಸಾಫ್ಟಿನ ಡೈನಾಮಿಕ್ಸ್ ನ್ಯಾವ್‌ನಂಥ ವ್ಯಾಪಾರದ ತಂತ್ರಾಂಶಗಳಲ್ಲಿ ಪ್ರಶ್ನೆಯ ಮೂಲ ಹಿಡಿಯಲು ಇಂಥ ಟಿಪ್ಪಣಿಯ ಸೌಲಭ್ಯವಿದೆ. ನಿಧಾನವಾದ ಪ್ರಶ್ನೆಗಳನ್ನು ಬೇರೆಯೇ ಬರೆದಿಡುವ ವಹಿಯೂ ಉಂಟು. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಆ ವಹಿ ಶುರು ಮಾಡಿದರೆ, ಬೇರೆ ಮಿತಿ ಹಾಕದ ಹೊರತು, 10 ಸೆಕೆಂಡು ಮೀರಿದ್ದೆಲ್ಲ ಅದರಲ್ಲಿ ದಾಖಲಾಗುತ್ತದೆ. ಎರಡನ್ನೂ ಜೋಡಿಸಿದರೆ ಹೆಸರು ಹೊರಬೀಳುತ್ತದೆ.

ಹೆಸರು ಸಿಕ್ಕ ಕೂಡಲೇ ತಪ್ಪು ಅವರದೇ ಎನ್ನುವಂತಿಲ್ಲ. ಕಡತಕ್ಕೆ ಸರಿಯಾದ ಸೂಚಿ ಇಲ್ಲದಿದ್ದರೆ ಒಂದು ಸರ್ವೆ ನಂಬರಿಗಾಗಿ ಯಂತ್ರ ಇಡೀ ರಾಶಿಯನ್ನೇ ತಿರುವಿ ಹಾಕಬೇಕಾಗುತ್ತದೆ. ಗುಮಾಸ್ತರು ಒತ್ತಿದ್ದು ಒಂದೇ ಗುಂಡಿ, ಕೆಟ್ಟದ್ದು ತಂತ್ರಾಂಶ ಬರೆದವರ ಕೆಲಸ. ಇನ್ನು ಆನ್‌ಲೈನ್ ಸೆಂಟರಿನವರು ಒಂದೇ ಲಾಗಿನ್‌ನಲ್ಲಿ ಊರವರೆಲ್ಲರ ಅರ್ಜಿ ಹಾಕಿದರೆ ದಾಖಲೆಯಲ್ಲಿ ಊರೆಲ್ಲ ಒಬ್ಬನೇ ಮನುಷ್ಯ. 62 ಖಾತೆ ಎಂದರೆ 62 ಜನ ಎಂದು ಓದಿಕೊಳ್ಳಬಾರದು ಎನ್ನುವುದೂ ಇದಕ್ಕೇ.

ಹಾಗಾದರೆ ಹೊಲದ ಗತಿ? ನೂಕುನುಗ್ಗಲಿನ ದಾಳಿಯಿಂದ ಬಾಗಿಲು ಕಟ್ಟಿಕೊಳ್ಳುತ್ತದೆ, ಒಳಗಿನ ಹೆಸರು ಬದಲಾಗುವುದಿಲ್ಲ. ಖರೀದಿ ನೋಂದಣಿಯಾದ ಮೇಲೂ ಪಹಣಿಯಲ್ಲಿ ಹೆಸರು ಬದಲಾಗಲು ಮ್ಯುಟೇಶನ್ ಎಂಬ ಬೇರೆ ಹಂತ ದಾಟಬೇಕು. ಅನುಮಾನವಿದ್ದರೆ ನಿಮ್ಮದೇ ಇ.ಸಿ. ತೆಗೆಸಿ ನೋಡಿ. ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ.

ಮುಂದಿನ ಸಲ ‘ಸರ್ವರ್ ಇಲ್ಲ’ ಎಂದಾಗ ದಿನಾಂಕ, ಗಂಟೆ-ನಿಮಿಷ, ಅರ್ಜಿ ಸಂಖ್ಯೆ ಬರೆದುಕೊಳ್ಳಿ. ‘ಯಾವಾಗಲೂ ಹೀಗೇ’ ಎಂಬ ದೂರನ್ನು ವಹಿಯಲ್ಲಿ ಹುಡುಕಲಾಗದು. ಮಂಗಳವಾರ 11 ಗಂಟೆ 20 ನಿಮಿಷ ಎಂದರೆ ಹುಡುಕಬಹುದು.